ಹದಿನೇಳನೆಯ ಗ್ರೀನ್‌ನಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ

ಭಾನುವಾರ ಮಧ್ಯಾಹ್ನದಿಂದ ಈ ಸಿಟ್ಟು ಹೊಟ್ಟೆಯೊಳಗೆ ಕುದಿಯುತ್ತಿದೆ. ಎರಡು ದಿನ ಸುಮ್ಮನಿದ್ದು ನೋಡಿದೆ, ಇಳಿಯಲಿಲ್ಲ. ಬರೆದೇ ಬಿಡುತ್ತೇನೆ. ಕ್ಲಬ್ಬಿನ ಗೆಳೆಯರು ಬೇಸರಪಟ್ಟರೆ ಪಡಲಿ.

ನನ್ನ ಬಲ ಭುಜದ ಕಥೆ ನಿಮಗೆಲ್ಲ ಗೊತ್ತೇ ಇದೆ. ಆಗಸ್ಟಿನಲ್ಲಿ ಶಸ್ತ್ರಚಿಕಿತ್ಸೆ ಆದ ಮೇಲೆ ಒಂದು ವರ್ಷ ಗಾಲ್ಫ್ ಕೋಲು ಮುಟ್ಟಕೂಡದು ಎಂದು ವೈದ್ಯರು ಹೇಳಿದ್ದಾರೆ. ಹಾಗಾಗಿ ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ನಮ್ಮ ಕ್ಲಬ್ಬಿನ ವಾರ್ಷಿಕ ಹವ್ಯಾಸಿ ಪಂದ್ಯಾವಳಿಗೆ ಆಡಲು ಹೋಗದೆ ನೋಡಲು ಹೋದೆ. ಶನಿವಾರ ಹದಿನೆಂಟು ಹೋಲ್, ಅಂದರೆ ಹದಿನೆಂಟು ಕುಳಿಗಳ ಆಟ, ಭಾನುವಾರ ಮತ್ತೆ ಹದಿನೆಂಟು ಹೋಲ್. ಎರಡು ದಿನವೂ ಟೋಪಿ ಹಾಕಿಕೊಂಡು, ಹೆಗಲಿಗೆ ನೀರಿನ ಬಾಟಲಿ ಸಿಕ್ಕಿಸಿಕೊಂಡು ಪೂರ್ತಿ ನಡೆದೆ. ನಡೆದದ್ದಕ್ಕೇ ಈ ಬರಹ.

ಗಾಲ್ಫ್ ಗೊತ್ತಿಲ್ಲದ ಗೆಳೆಯರಿಗಾಗಿ ಒಂದು ಮಾತು. ಎರಡನೆಯ ದಿನ ಮುಂಚೂಣಿಯಲ್ಲಿರುವವರನ್ನು ಎಲ್ಲರಿಗಿಂತ ಕೊನೆಗೆ ಕಳುಹಿಸುತ್ತಾರೆ. ಹಿಂದೆ ಬಿದ್ದವರು ಬೆಳಗ್ಗೆ ಬೇಗ ಹೊರಟು ಬೇಗ ಮುಗಿಸುತ್ತಾರೆ. ಅಂದರೆ ಪಂದ್ಯಾವಳಿ ಯಾರದ್ದೆಂದು ತೀರ್ಮಾನವಾಗುವ ಹೊತ್ತಿಗೆ ಉಳಿದ ಆಟಗಾರರೆಲ್ಲ ಬಿಡುವಾಗಿರುತ್ತಾರೆ. ಈ ಏರ್ಪಾಡು ಇರುವುದೇ ಎಲ್ಲರೂ ಕೊನೆಯ ಗುಂಪಿನ ಆಟವನ್ನು ನೋಡಲಿ ಎಂದು. ನಮ್ಮಲ್ಲಿ ಆ ಬಿಡುವಾದವರು ಎಲ್ಲಿರುತ್ತಾರೆ? ಕ್ಲಬ್ ಹೌಸ್‌ನ ಜಗಲಿಯಲ್ಲಿ, ಫ್ಯಾನಿನ ಕೆಳಗೆ, ಮೊಬೈಲ್ ಹಿಡಿದುಕೊಂಡು.

ಭಾನುವಾರದ ಕೊನೆಯ ಗುಂಪಿನಲ್ಲಿ ಮೂವರಿದ್ದರು. ಒಬ್ಬ, ಹತ್ತೊಂಬತ್ತು ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ, ಹ್ಯಾಂಡಿಕ್ಯಾಪ್ ನಾಲ್ಕು. ಇನ್ನೊಬ್ಬರು ಅರವತ್ತೊಂದರ ನಿವೃತ್ತ ಬ್ಯಾಂಕ್ ಅಧಿಕಾರಿ, ಹ್ಯಾಂಡಿಕ್ಯಾಪ್ ಹದಿನೆಂಟು. ಮೂರನೆಯವರು ಆ ಹೊತ್ತಿಗೆ ಬಹಳ ಹಿಂದೆ ಬಿದ್ದಿದ್ದರು. ಗಾಲ್ಫ್‌ನಲ್ಲಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆಲ್ಲುತ್ತಾರೆ. ಹ್ಯಾಂಡಿಕ್ಯಾಪ್ ಎಂದರೆ ಆಟಗಾರನ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ, ಆ ಲೆಕ್ಕ ಈ ಆಟದ ದೊಡ್ಡ ಸೌಂದರ್ಯ. ಹುಡುಗನ ಒಟ್ಟು ಹೊಡೆತಗಳಿಂದ ದಿನಕ್ಕೆ ನಾಲ್ಕು ಕಳೆಯಬೇಕು, ಹಿರಿಯರ ಹೊಡೆತಗಳಿಂದ ಹದಿನೆಂಟು. ಮೊಮ್ಮಗನ ವಯಸ್ಸಿನವನೂ ತಾತನ ವಯಸ್ಸಿನವರೂ ಸರಿಸಮ ನಿಂತು ಸ್ಪರ್ಧಿಸಬಹುದಾದ ಆಟಗಳು ಎಷ್ಟಿವೆ ಹೇಳಿ. ಹದಿನಾರನೆಯ ಹೋಲ್ ಮುಗಿದಾಗ, ಎರಡು ದಿನದ ಹ್ಯಾಂಡಿಕ್ಯಾಪ್ ಕಳೆದು ನೋಡಿದರೆ ಇಬ್ಬರೂ ಸಮಸಮ.

ಹದಿನೇಳು ನಮ್ಮಲ್ಲಿ ನಾಲ್ಕರ ಪಾರ್, ಅಂದರೆ ಪಳಗಿದ ಆಟಗಾರ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಕೆಂಪು ಮುರಕಲ್ಲಿನ ಗುಡ್ಡದ ಓರೆಯಲ್ಲಿ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸು, ಇದೆ. ಪಕ್ಕದಲ್ಲಿ ಗೇರುಮರಗಳ ಸಾಲು, ಈಗ ಹೂ ಬಿಟ್ಟಿವೆ, ಆ ಘಾಟು ಪರಿಮಳ ಗ್ರೀನ್‌ವರೆಗೂ ಬರುತ್ತದೆ. ಮಧ್ಯಾಹ್ನದ ಕಡಲ ಗಾಳಿ ಆಗಷ್ಟೇ ಏಳುತ್ತಿತ್ತು. ಹಿರಿಯರು ಎರಡನೆಯ ಹೊಡೆತದಲ್ಲೇ ಗ್ರೀನ್ ಸೇರಿದ್ದರು. ಅವರ ಹ್ಯಾಂಡಿಕ್ಯಾಪ್‌ನವರಿಗೆ ಅದೇ ದೊಡ್ಡದು. ಕುಳಿಗೆ ಇಪ್ಪತ್ತು ಅಡಿ ಇತ್ತು. ಅವರ ಚೀಲ ಹೊರುವ ಕ್ಯಾಡಿ ಕುಕ್ಕರಗಾಲಿನಲ್ಲಿ ಕುಳಿತು ಹುಲ್ಲಿನ ಮೇಲೆ ಅಂಗೈ ಆಡಿಸಿ, ತುಳುವಿನಲ್ಲಿ ಮೆಲ್ಲಗೆ ಹೇಳಿದ: ಕಣ್ಣಿಗೆ ಬಲಕ್ಕೆ ವಾಲಿದ ಹಾಗೆ ಕಾಣುತ್ತದೆ, ನಂಬಬೇಡಿ, ಮಳೆಗಾಲದಲ್ಲಿ ಇಲ್ಲಿ ನೀರು ಹರಿಯುವುದು ಎಡಕ್ಕೆ. ನಾನು ಹನ್ನೊಂದು ವರ್ಷ ಆ ಗ್ರೀನ್‌ನಲ್ಲಿ ಆಡಿದ್ದೇನೆ, ಸದಾ ಬಲಕ್ಕೇ ವಾಲುತ್ತದೆ ಎಂದುಕೊಂಡಿದ್ದೆ. ಜಡಿಮಳೆಯಲ್ಲಿ ನಾವೆಲ್ಲ ಮನೆಯಲ್ಲಿ ಕುಳಿತಿದ್ದಾಗ ನೀರು ಎತ್ತ ಹೋಗುತ್ತದೆ ಎಂದು ನೋಡಿಟ್ಟುಕೊಂಡವನು ಅವನು.

ಹಿರಿಯರು ಅವನ ಮಾತು ಕೇಳಿದರು. ಚೆಂಡು ನಿಧಾನ ಉರುಳಿತು, ಅರ್ಧ ದಾರಿಯಲ್ಲಿ ಎಡಕ್ಕೆ ತಿರುಗಿತು, ಕುಳಿಯ ಅಂಚಿಗೆ ಬಂದು ನಿಂತೇ ಬಿಟ್ಟಿತು. ಕುಳಿ 108 ಮಿಲಿಮೀಟರ್ ಅಗಲ, ತೆಂಗಿನ ಕರಟದ ಬಾಯಿಯಷ್ಟು. ಚೆಂಡಿನ ಒಂದು ಭಾಗ ಹುಲ್ಲಿನ ಮೇಲೆ, ಇನ್ನೊಂದು ಭಾಗ ಕುಳಿಯ ಮೇಲೆ ತೂಗುತ್ತಿತ್ತು.

ಇಂಥ ಹೊತ್ತಿಗೆಂದೇ ಗಾಲ್ಫ್‌ನಲ್ಲಿ ಒಂದು ನಿಯಮವಿದೆ. ಆಟಗಾರ ವಿನಾಕಾರಣ ತಡಮಾಡದೆ ಕುಳಿಯ ಬಳಿಗೆ ನಡೆದು ಬರಬೇಕು. ಬಂದ ಮೇಲೆ ಹತ್ತು ಸೆಕೆಂಡು ಕಾಯಬಹುದು. ಅಷ್ಟರೊಳಗೆ ಚೆಂಡು ತಾನಾಗಿ ಬಿದ್ದರೆ ಹಿಂದಿನ ಹೊಡೆತದಲ್ಲೇ ಬಿದ್ದಂತೆ. ಹತ್ತು ದಾಟಿ ಬಿದ್ದರೆ ದಂಡವಾಗಿ ಒಂದು ಹೊಡೆತ ಸೇರುತ್ತದೆ. ಹಿರಿಯರು ನಡೆದು ಬಂದು ನಿಂತರು. ಅವರ ಮಾರ್ಕರ್, ಅಂದರೆ ಅವರ ಅಂಕ ಬರೆಯುವವನು, ಆ ಹುಡುಗನೇ. ಚೆಂಡು ಬಿದ್ದರೆ ನಷ್ಟ ಅವನಿಗೇ. ಅವನು ಹತ್ತಿರ ಬಂದು, ಎಲ್ಲರಿಗೂ ಕೇಳುವಂತೆ, ಗಟ್ಟಿಯಾಗಿ ಎಣಿಸತೊಡಗಿದ. ಒಂದು. ಎರಡು. ಮೂರು. ಒಂದಿಷ್ಟೂ ಅವಸರ ಮಾಡಲಿಲ್ಲ. ನಾಲ್ಕು. ಐದು. ಕ್ಯಾಡಿಗಳು ಉಸಿರು ಬಿಗಿಹಿಡಿದಿದ್ದರು. ಆಚೆ ಬದಿಯಲ್ಲಿ ಹುಲ್ಲು ಕೀಳುತ್ತಿದ್ದ ಹೆಂಗಸೊಬ್ಬರು ಕತ್ತಿ ಕೆಳಗಿಟ್ಟು ಎದ್ದು ನಿಂತರು. ಆರು. ಏಳು. ಗೇರುಮರದ ಕಡೆಯಿಂದ ಗಾಳಿ ಬಂತು, ನನ್ನ ಟೋಪಿಯ ಅಂಚು ಅಲ್ಲಾಡಿದ್ದು ನೆನಪಿದೆ. ಎಂಟು ಎನ್ನುತ್ತಿದ್ದಂತೆ ಚೆಂಡು ಬಿತ್ತು. ಕುಳಿಯ ತಳಕ್ಕೆ ಬಡಿದ ಆ ಟಕ್ ಎಂಬ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮೊದಲು ಚಪ್ಪಾಳೆ ಹೊಡೆದವನು ಹುಡುಗ. ಆಮೇಲೆ ತನ್ನ ಪಟ್‌ಗೆ, ಅಂದರೆ ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತಕ್ಕೆ, ನಿಂತ, ಚೆಂಡು ಅಂಚು ಸವರಿಕೊಂಡು ಆಚೆ ಹೋಯಿತು. ಹದಿನೆಂಟರಲ್ಲಿ ಇಬ್ಬರೂ ನಾಲ್ಕು ಮಾಡಿದರು. ಹಿರಿಯರು ಒಂದು ಹೊಡೆತದಿಂದ ಗೆದ್ದರು.

ನೋಡಿದವರು ಎಷ್ಟು ಜನ? ಆಡುತ್ತಿದ್ದ ಮೂವರು, ಮೂವರು ಕ್ಯಾಡಿಗಳು, ಹುಲ್ಲು ಕೀಳುವ ಹೆಂಗಸು, ನಾನು. ಒಟ್ಟು ಎಂಟು. ಅಲ್ಲಿಂದ ಜಗಲಿಗೆ ಹೆಚ್ಚೆಂದರೆ ಇನ್ನೂರೈವತ್ತು ಮೀಟರ್. ಅಲ್ಲಿ ಕನಿಷ್ಠ ಐವತ್ತು ಸದಸ್ಯರಿದ್ದರು. ಎಲ್ಲರೂ ಗಾಲ್ಫ್ ಆಡುವವರು, ಆ ಎಂಟು ಸೆಕೆಂಡುಗಳ ಬೆಲೆ ಬಲ್ಲವರು. ನಾನು ಏದುಸಿರು ಬಿಡುತ್ತಾ ಹೋಗಿ ನಡೆದದ್ದನ್ನು ಹೇಳಿದೆ. ಒಬ್ಬರು, "ಹೌದಾ ಮಾರಾಯರೇ? ಮೊದಲು ಊಟ ಮಾಡಿ, ಕೋರಿ ರೊಟ್ಟಿ ಮುಗಿಯುತ್ತಾ ಬಂತು" ಎಂದರು. ಒಳ್ಳೆಯ ಮನುಷ್ಯರೇ, ಕಾಳಜಿಯಿಂದಲೇ ಹೇಳಿದ್ದು. ಆದರೂ ನನಗೆ ಆ ತಟ್ಟೆಯ ಮುಂದೆ ಕುಳಿತುಕೊಳ್ಳಲು ಆಗಲಿಲ್ಲ.

ಇದನ್ನು ಬೇರೆ ಯಾವುದೋ ಊರಿನವರು ಮಾಡಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ನಾವು ತುಳುನಾಡಿನವರು. ನೋಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಕಂಬಳದ ಕರೆಯ (ಕೋಣಗಳು ಓಡುವ ಕೆಸರುಗದ್ದೆಯ) ಬದಿಯಲ್ಲಿ ನಿಂತವರನ್ನು ನೋಡಿದ್ದೀರಲ್ಲ. ಕನೆಹಲಗೆ ವಿಭಾಗದಲ್ಲಿ ಕೋಣಗಳ ವೇಗಕ್ಕಿಂತ ಹಲಗೆಯಿಂದ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ತಾಗಿತೇ ಎಂಬುದು ಮುಖ್ಯ. ಕಣ್ಣು ಎಲ್ಲಿಡಬೇಕು ಎಂದು ಅಲ್ಲಿ ಎಳೆಯ ಮಕ್ಕಳಿಗೂ ಗೊತ್ತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಒಬ್ಬ ಅರ್ಥಧಾರಿ ಎಸೆದ ಪ್ರಶ್ನೆಗೆ ಎದುರಿನವರು ಏನು ಹೇಳುತ್ತಾರೆ ಎಂದು ನಡುರಾತ್ರಿಯವರೆಗೂ ಮೈಯೆಲ್ಲ ಕಿವಿಯಾಗಿಸಿಕೊಂಡು ಕೂರುವವರು ನಾವು. ಅಂಥ ನಮಗೆ, ನಾವೇ ಆಡುವ ಆಟ ಕಣ್ಣಳತೆಯಲ್ಲಿ ನಡೆಯುವಾಗ ಎದ್ದು ಹೋಗಬೇಕೆಂದು ಅನ್ನಿಸುವುದಿಲ್ಲವೇ?

"ಗಾಲ್ಫ್ ಆಡುವ ಆಟ, ನೋಡುವ ಆಟವಲ್ಲ" ಎಂದು ಒಬ್ಬರು ವಾದಿಸಿದರು. ಹಾಗಾದರೆ 2021ರ ಆಗಸ್ಟ್ 7ರ ಬೆಳಗ್ಗೆ ಏನಾಗಿತ್ತು? ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ಸುತ್ತು ಆಡುತ್ತಿದ್ದಾಗ ಇದೇ ವಾದಿ ಕೋಳಿ ಕೂಗುವ ಮೊದಲೇ ಎದ್ದು ಟಿವಿ ಮುಂದೆ ಕುಳಿತಿದ್ದರು. ಆಕೆ ಒಂದೇ ಹೊಡೆತದಿಂದ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದಾಗ ನನಗೆ ಕರೆ ಮಾಡಿ ಮಾತು ಬಾರದೆ ಕುಳಿತಿದ್ದರು. ಟೋಕಿಯೊದ ಪಟ್ ನೋಡಿ ಕಣ್ಣು ತುಂಬಿಕೊಳ್ಳುವವರಿಗೆ ಹಿತ್ತಲಿನ ಪಟ್ ಏಕೆ ಕಾಣುವುದಿಲ್ಲ?

ಬಿಸಿಲು ಎಂದರು. ಬಿಸಿಲಿನಲ್ಲೇ ನಾಲ್ಕು ಗಂಟೆ ಆಡಿ ಬಂದವರು ಹದಿನೈದು ನಿಮಿಷ ನಿಲ್ಲಲಾರರೇ? ಜನ ಸೇರಿದರೆ ಆಟಗಾರರ ಏಕಾಗ್ರತೆ ಕೆಡುತ್ತದೆ ಎಂದರು. ಮೊಬೈಲ್ ಮೌನಕ್ಕೆ ಹಾಕಿ, ನೆರಳು ಪಟ್‌ನ ದಾರಿಗೆ ಬೀಳದಂತೆ ನಿಂತರೆ ಯಾವ ಏಕಾಗ್ರತೆಯೂ ಕೆಡುವುದಿಲ್ಲ. ಗಾಲ್ಫ್‌ನ ತವರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಹದಿನೆಂಟನೆಯ ಗ್ರೀನ್ ಊರಿನ ಬೀದಿಗೆ ಅಂಟಿಕೊಂಡಿದೆ. ದಾರಿಹೋಕರು ಬೇಲಿಗೆ ಒರಗಿ ನಿಂತು ಗುರುತು ಪರಿಚಯವಿಲ್ಲದವರ ಆಟ ನೋಡುತ್ತಾರೆ, ಚೆನ್ನಾಗಿ ಆಡಿದರೆ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿನ ಹಳೆಯ ಅಂಕಣವನ್ನು ಭಾನುವಾರ ಆಟಕ್ಕೆ ಮುಚ್ಚಿ ಊರಿನವರ ಓಡಾಟಕ್ಕೆ ಬಿಡುವ ರೂಢಿಯೂ ಇದೆ.

ಇನ್ನು ಕೆಲವು ಗೆಳೆಯರು ಈಗ ಕೇಳಲಿದ್ದೀರಿ, ದುಡ್ಡಿದ್ದವರ ಆಟಕ್ಕೆ ಇಷ್ಟು ಸಂಕಟವೇಕೆ ಎಂದು. ಖರ್ಚಿನ ಆಟ ಹೌದು, ಒಪ್ಪುತ್ತೇನೆ. ಆದರೆ ಭಾನುವಾರ ನೋಡಿದವರು ಯಾರೆಂದು ಮತ್ತೊಮ್ಮೆ ಓದಿ. ಸದಸ್ಯತ್ವಕ್ಕೆ ದುಡ್ಡು ಕೊಟ್ಟವರಲ್ಲಿ, ಆಡುತ್ತಿದ್ದವರನ್ನು ಬಿಟ್ಟರೆ, ಅಲ್ಲಿ ಇದ್ದವನು ನಾನೊಬ್ಬ. ದಿನಗೂಲಿಯ ಮೇಲೆ ಬಂದವರು ನಾಲ್ವರು. ನೋಡಿ ನೋಡಿಯೇ ಆಟ ಕಲಿತವರು ಈ ದೇಶದಲ್ಲಿ ಎಲ್ಲಿಯವರೆಗೆ ಹೋಗಿದ್ದಾರೆ ಗೊತ್ತೇ? ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು, 1993ರಲ್ಲಿ ಮತ್ತೆ ಗೆದ್ದರು. ಅವರಿಗಿಂತ ಮೊದಲು ಆ ಪ್ರಶಸ್ತಿ ಗೆದ್ದ ಭಾರತೀಯ 1965ರ ಬಿಲ್ಲೂ ಸೇಠಿ, ಅವರು ಹವ್ಯಾಸಿ. ಕ್ಯಾಡಿ ಚೀಲ ಮಾತ್ರ ಹೊರುವುದಿಲ್ಲ, ಇಡೀ ಆಟವನ್ನು ಕಣ್ಣಿನಲ್ಲಿ ಹೊತ್ತುಕೊಂಡು ಓಡಾಡುತ್ತಾನೆ.

ಸಂಜೆಯ ಬಹುಮಾನ ವಿತರಣೆಯಲ್ಲಿ ಹಿರಿಯರ ಹೆಸರು ಕರೆದರು, ಅಂಕ ಓದಿದರು, ಪಾರಿತೋಷಕ ಕೊಟ್ಟರು, ಮುಂದಿನ ಹೆಸರಿಗೆ ಹೋದರು. ಓದಿದವರನ್ನು ದೂರುವುದಿಲ್ಲ. ಕಾರ್ಡಿನಲ್ಲಿ ಹದಿನೇಳರ ಎದುರು 3 ಎಂದಿತ್ತು, ಅಷ್ಟೇ. ಕಾರ್ಡು ಎಂದರೆ ಹಾಗೆ. 1968ರಲ್ಲಿ ಅಮೆರಿಕದ ದೊಡ್ಡ ಗಾಲ್ಫ್ ಪಂದ್ಯಾವಳಿ ಮಾಸ್ಟರ್ಸ್‌ನ ಹದಿನೇಳರಲ್ಲಿ ರಾಬರ್ಟೊ ಡಿ ವಿಸೆಂಜೊ ಮೂರರಲ್ಲಿ ಮುಗಿಸಿದ್ದನ್ನು ಮಾರ್ಕರ್ ನಾಲ್ಕು ಎಂದು ಬರೆದರು. ಅವರು ಗಮನಿಸದೆ ಸಹಿ ಹಾಕಿದರು. ಆ ನಾಲ್ಕೇ ಉಳಿಯಿತು, ಸಮಬಲವಾದವರು ಆಡುವ ಪ್ಲೇ-ಆಫ್ ಕೈತಪ್ಪಿತು. ಆದರೆ ಅಲ್ಲಿ ನಿಜ ಏನೆಂದು ಸುತ್ತ ನಿಂತ ಜನ ಕಂಡಿದ್ದರು, ಆದ್ದರಿಂದಲೇ ಇಷ್ಟು ವರ್ಷಗಳ ಮೇಲೆ ನನ್ನಂಥವನಿಗೂ ಆ ಮೂರು ಗೊತ್ತು. ನಮ್ಮ ಹಿರಿಯರ ಮೂರರ ಹಿಂದಿನ ಎಂಟು ಸೆಕೆಂಡು ಎಲ್ಲಿ ಉಳಿಯುತ್ತದೆ? ಆ ಹುಡುಗ ಎಣಿಸಿದ ರೀತಿ ಯಾವ ಕಾರ್ಡಿನಲ್ಲಿದೆ?

ಇಷ್ಟೆಲ್ಲ ಬರೆದ ಮೇಲೆ ಇದನ್ನೂ ಹೇಳಬೇಕು. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ನನಗೆ ಗಾಲ್ಫ್ ಕಲಿಸಿದವರು ನಮ್ಮ ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು. ಕೋಲು ಹಿಡಿಯುವಾಗ ಎಳೆಯ ಹಕ್ಕಿಮರಿಯನ್ನು ಹಿಡಿದ ಹಾಗೆ ಹಿಡಿ ಎಂದು ನನ್ನ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದವರು. ಆರು ವರ್ಷಗಳ ಹಿಂದಿನ ಪಂದ್ಯಾವಳಿಯಲ್ಲಿ, ಆರೋಗ್ಯ ಕೈಕೊಟ್ಟಿದ್ದರೂ ಎರಡು ದಿನವೂ ಆಡಿದರು. ಕೊನೆಯ ಹೋಲ್‌ಗೆ ಅವರು ಏರು ಹತ್ತಿ ಬರುವುದು ಜಗಲಿಯಿಂದ ಕಾಣುತ್ತಿತ್ತು. ಎರಡು ಕಡೆ ನಿಂತು ದಣಿವಾರಿಸಿಕೊಂಡರು. ನಾನು ಪುನರ್ಪುಳಿ ಶರಬತ್ತಿನ ಲೋಟ ಹಿಡಿದು ಯಾರದ್ದೋ ಜೊತೆ ಯಾವುದೋ ಜಾಗದ ಬೆಲೆ ಮಾತಾಡುತ್ತಿದ್ದೆ. ಹೋಗಬೇಕು ಅನ್ನಿಸಿತ್ತು, ಏಳಲಿಲ್ಲ. ಹೇಗೂ ಇಲ್ಲಿಗೇ ಬರುತ್ತಾರಲ್ಲ ಎಂದುಕೊಂಡೆ. ಬಂದರು, ನನ್ನ ಪಕ್ಕದಲ್ಲೇ ಕುಳಿತರು, ಆಟ ಹೇಗಾಯಿತು ಎಂದು ನಾನು ಕೇಳಿದ್ದೂ ಅರ್ಧ ಗಮನದಲ್ಲಿ. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಅವರು ಇರಲಿಲ್ಲ. ಅವರ ಕೊನೆಯ ಪಟ್ ಬಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಭಾನುವಾರ ಹುಡುಗ ಎಣಿಸುತ್ತಿದ್ದಾಗ ನನ್ನ ತಲೆಯಲ್ಲಿದ್ದದ್ದು ಅದೇ.

ಹಾಗಾಗಿ ಜಗಲಿಯಲ್ಲಿ ಕುಳಿತವರ ಮೇಲೆ ಸಿಟ್ಟಾಗುವ ಹಕ್ಕು ನನಗೆ ಎಷ್ಟಿದೆಯೋ ಗೊತ್ತಿಲ್ಲ. ಆದರೂ ಸಿಟ್ಟು ಬಂದಿದೆ, ಬಿಡುವುದಿಲ್ಲ. ಸಮಿತಿಗೆ ಪತ್ರ ಬರೆದಿದ್ದೇನೆ: ಮುಂದಿನ ವರ್ಷ ಕೊನೆಯ ಗುಂಪು ಹದಿನಾರನ್ನು ದಾಟಿದಾಗ ಕ್ಲಬ್ ಹೌಸ್‌ನಲ್ಲಿ ಗಂಟೆ ಬಾರಿಸಿ, ಕೊನೆಯ ಗ್ರೀನ್ ಮುಗಿಯುವವರೆಗೆ ಊಟ ಬಡಿಸಬೇಡಿ.

ನಿನ್ನೆ, ಸೋಮವಾರ, ಬೆಳಗ್ಗೆ ಏಳಕ್ಕೆ ಒಬ್ಬನೇ ಹದಿನೇಳಕ್ಕೆ ಹೋದೆ. ಹುಲ್ಲಿನ ಮೇಲೆ ಇಬ್ಬನಿ ಇತ್ತು. ಮೈದಾನ ನೋಡಿಕೊಳ್ಳುವ ಕೆಲಸಗಾರ ಆಗಲೇ ನಾಲ್ಕು ಹೆಜ್ಜೆ ಆಚೆ ಹೊಸ ಕುಳಿ ತೆಗೆದು, ಅಲ್ಲಿಂದ ಬಂದ ಹುಲ್ಲಿನ ಉರುಟು ಮಣ್ಣುಗಟ್ಟಿಯನ್ನು ಹಳೆಯ ಕುಳಿಗೆ ಕೂರಿಸಿ ಕಾಲಿನಿಂದ ಒತ್ತುತ್ತಿದ್ದ. ಭಾನುವಾರ ಅವನು ಅಲ್ಲಿ ಇರಲಿಲ್ಲ, ರಜೆಯಲ್ಲಿದ್ದ. ನನ್ನನ್ನು ಕಂಡು ಕಾಲು ತೆಗೆದ. ಹೊಸದಾಗಿ ಕೂರಿಸಿದ ವೃತ್ತದ ಎಡ ಅಂಚನ್ನು ಬೆರಳಿನಿಂದ ತೋರಿಸುತ್ತಾ ಕೇಳಿದ:

"ಇಲ್ಲಿ ಅಲ್ಲವಾ ಸರ್, ಎಂಟು ಹೇಳುವವರೆಗೆ ನಿಂತದ್ದು?"