ಸೊನ್ನೆಯಲ್ಲಿ ಮುಗಿದ ಅವಿಭಾಜ್ಯ

2024ರ ಅಕ್ಟೋಬರ್‌ನಲ್ಲಿ ಸಿಕ್ಕಿತಲ್ಲ, ಆ ಮಹಾ ಅವಿಭಾಜ್ಯ ಸಂಖ್ಯೆ? ಅದು ಮೊನ್ನೆ ಮತ್ತೆ ನನ್ನ ಫೋನಿಗೆ ಬಂದಿತ್ತು. ‘ವಿಶ್ವದ ಅತಿ ದೊಡ್ಡ ಅವಿಭಾಜ್ಯ: 2136279841-1. ಎಲ್ಲರಿಗೂ ಕಳಿಸಿ.’

ಎರಡರ ತಲೆಯ ಮೇಲೆ ಕೂರಬೇಕಿದ್ದ 136279841 ಎಂಬ ಘಾತ ಜಾರಿ ಪಕ್ಕಕ್ಕೆ ಬಂದು ಕೂತಿದೆ. ಇರಲಿ ಎಂದು ಒಂದನ್ನು ಕಳೆದೆ. 2136279840. ಎರಡರಿಂದ, ಐದರಿಂದ, ಹತ್ತರಿಂದ, ಕೇಳಿದವರಿಂದೆಲ್ಲ ಭಾಗಿಸಿಕೊಳ್ಳುವ ಇಂಥ ಉದಾರಿಯನ್ನು ಅವಿಭಾಜ್ಯ ಎನ್ನಲು ಎದೆಗಾರಿಕೆ ಬೇಕು. 4,10,24,320 ಅಂಕಿಗಳ ದೈತ್ಯನನ್ನು ಹತ್ತೇ ಅಂಕಿಗೆ ಮಡಚಿಟ್ಟ ಕೈಚಳಕಕ್ಕಾದರೂ ಬಹುಮಾನ ಕೊಡಬೇಕು.

‘ಅತಿ ದೊಡ್ಡ’ ಅಂತೆ! ಅವಿಭಾಜ್ಯಗಳಿಗೆ ಕೊನೆಯೇ ಇಲ್ಲ ಎಂದು ಯೂಕ್ಲಿಡ್ ತೋರಿಸಿ ಸುಮಾರು 2300 ವರ್ಷವಾಯಿತು. ‘ಸದ್ಯಕ್ಕೆ ಗೊತ್ತಿರುವ’ ಎಂಬ ಎರಡು ಪದಕ್ಕೆ ಇನ್ನೂ ಜಾಗ ಸಿಕ್ಕಿಲ್ಲ.

ಕೆಳಗೆ ಇನ್ನೊಂದು ಸಾಲು: ‘ಇದರಿಂದ ನಿಮ್ಮ ಬ್ಯಾಂಕ್ ಖಾತೆ ಇನ್ನಷ್ಟು ಭದ್ರ.’ ಭೇಷ್! ಈಗ ಬಳಕೆಯಲ್ಲಿರುವ ಆರ್‌ಎಸ್‌ಎ ಎಂಬ ಗೂಢಲಿಪಿ ಬೀಗಕ್ಕೆ ಮುನ್ನೂರು ಚಿಲ್ಲರೆ ಅಂಕಿಗಳ ಎರಡು ಅವಿಭಾಜ್ಯ ಸಾಕು, ಅವು ಗುಟ್ಟಾಗಿರಬೇಕು ಅಷ್ಟೆ. ಇದೋ, ಲೋಕಕ್ಕೆಲ್ಲ ಡಂಗುರ ಸಾರಿದ ಬೀಗದ ಕೈ. ಎರಡರ ಘಾತದಿಂದ ಒಂದು ಕಳೆದರೆ ಸಿಗುವ ಈ ಮರ್ಸೆನ್ ಜಾತಿಯ ಅವಿಭಾಜ್ಯಗಳು ಇದೂ ಸೇರಿ ಸಿಕ್ಕಿದ್ದೇ 52. ಕಳ್ಳ ಒಂದೊಂದಾಗಿ ತಿರುಗಿಸಿ ನೋಡಿದರೂ ಹೊತ್ತು ಮುಳುಗುವುದಿಲ್ಲ.

ಮರ್ಸೆನ್ ಅಂದೆನಲ್ಲ, ಆತ ಫ್ರಾನ್ಸಿನ ಒಬ್ಬ ಪಾದ್ರಿ. 1644ರಲ್ಲಿ ಇಂಥ ಅವಿಭಾಜ್ಯ ಕೊಡುವ, 257ರವರೆಗಿನ ಘಾತಗಳ ಪಟ್ಟಿ ಕೊಟ್ಟ. 67 ಮತ್ತು 257ನ್ನು ತಪ್ಪಾಗಿ ಸೇರಿಸಿದ. 61, 89, 107ನ್ನು ಬಿಟ್ಟೇಬಿಟ್ಟ. ಆದರೂ ಹೆಸರು ಮಾತ್ರ ಆತನದೇ ಉಳಿಯಿತು. 67 ಘಾತದ ಸಂಖ್ಯೆ 193707721 ಮತ್ತು 761838257287ರ ಗುಣಲಬ್ಧ ಎಂದು 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ತೋರಿಸಿದ. ಅದಕ್ಕೆ ಮೂರು ವರ್ಷದ ಭಾನುವಾರಗಳು ಹೋದವಂತೆ. ಅದರಿಂದ ಯಾರ ಖಾತೆಯೂ ಭದ್ರವಾಗಲಿಲ್ಲ.

ಈ ಹೊಸ ಸಂಖ್ಯೆಯನ್ನು ಸೊನ್ನೆ-ಒಂದುಗಳ ದ್ವಿಮಾನದಲ್ಲಿ ಬರೆದರೆ ಬರೀ ಒಂದು, ಒಂದು, ಒಂದು. ಒಟ್ಟು 13,62,79,841 ಒಂದುಗಳು, ನಡುವೆ ಒಂದೇ ಒಂದು ಸೊನ್ನೆಯಿಲ್ಲ. ಅದರ ಪರೀಕ್ಷೆ ಶಾಲೆಯ ಮಕ್ಕಳಿಗೂ ಅರ್ಥವಾಗುವಂಥದ್ದು: ನಾಲ್ಕರಿಂದ ಶುರು ಮಾಡಿ, ವರ್ಗ ಮಾಡಿ, ಎರಡು ಕಳೆದು, ಆ ದೈತ್ಯನಿಂದ ಭಾಗಿಸಿ, ಉಳಿದ ಶೇಷವನ್ನು ಮತ್ತೆ ವರ್ಗ ಮಾಡಿ. ಹೀಗೆ 13,62,79,839 ಸಲ. ಕೊನೆಗೆ ಶೇಷ ಸೊನ್ನೆ ಬಂದರೆ ಗೆದ್ದಿರಿ. ಜೊತೆಗೆ, ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಬರುವ ಒಂದು ಪರಿಪೂರ್ಣ ಸಂಖ್ಯೆ ಪುಕ್ಕಟೆ. ಇಷ್ಟು ಚೆಂದದ ಸಂಗತಿ ಎದುರಿಗಿರುವಾಗ ಇಲ್ಲದ ಬ್ಯಾಂಕ್ ಬೀಗವನ್ನು ಯಾಕ್ರೀ ತಂದು ನೇತುಹಾಕುತ್ತೀರಿ? ಉಪಯೋಗವಿಲ್ಲ ಅಂತ ಬರೆದರೆ ಯಾರ ಗಂಟು ಹೋಗುತ್ತದೆ? ನಿಜವಾಗಿಯೂ ಸಾಕಾಗಿದೆ.

ಕಳಿಸಿದ ಗೆಳೆಯನಿಗೆ ‘ಲೋ, ಕಳೆದರೆ ಕೊನೆಯಲ್ಲಿ ಸೊನ್ನೆ ಬರುತ್ತಲ್ಲೋ’ ಎಂದು ಬರೆದೆ.

‘ಅಷ್ಟು ದೊಡ್ಡ ಸಂಖ್ಯೆ ಮಾರಾಯ, ಒಂದು ಸೊನ್ನೆ ಹೆಚ್ಚುಕಮ್ಮಿ ಆದರೇನು’ ಎಂದ.