ನೀಲಿ ಟಾರ್ಪಾಲ್ ಕಂಡರೆ ಬಾಂಗ್ಲಾದೇಶ

ನ್ಯೂಸ್ ಚಾನೆಲ್ಲಿಗೆ ಹೊಸದಾಗಿ ಸೇರಿದ ವರದಿಗಾರ ಮಿತ್ರರೇ, ಒಬ್ಬ ಮನುಷ್ಯ ವಿದೇಶಿಯೋ ಅಲ್ಲವೋ ಎಂದು ತೀರ್ಮಾನಿಸಲು ಅಸ್ಸಾಮಿನ ನ್ಯಾಯಮಂಡಳಿಗಳು ವರ್ಷಗಟ್ಟಲೆ ತಿಣುಕುತ್ತವೆ. ನಮಗೆ ಒಂದು ಕ್ಯಾಮೆರಾ, ಒಂದು ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಮಧ್ಯಾಹ್ನದ ಬುಲೆಟಿನ್‌ಗೇ ತೀರ್ಪು ರೆಡಿ.

ಮೊದಲು ಜಾಗ. ಬೆಂಗಳೂರಿನ ಹೊರವರ್ತುಲ ರಸ್ತೆಯ ಐಟಿ ಕಂಪನಿಗಳ ಹಿಂದೆ, ಅಪಾರ್ಟ್‌ಮೆಂಟುಗಳ ಒಣಕಸ ಬಂದು ಬೀಳುವ ಖಾಲಿ ಸೈಟುಗಳಲ್ಲಿ, ತಗಡು ಮತ್ತು ನೀಲಿ ಟಾರ್ಪಾಲಿನ ಗುಡಿಸಲುಗಳಿರುತ್ತವೆ. ಬೆಳಿಗ್ಗೆ ಹತ್ತರ ಮೇಲೆ ಹೋಗಿ. ಗಂಡಸರು ಕಸಕ್ಕೋ ಗಾರೆ ಕೆಲಸಕ್ಕೋ ಹೋಗಿರುತ್ತಾರೆ. ಉಳಿದ ಹೆಂಗಸರು, ಮಕ್ಕಳು ಮೈಕ್ ಕಂಡೊಡನೆ ಒಳಗೆ ಸೇರಿಕೊಳ್ಳುತ್ತಾರೆ. ಆ ಮೂರು ಸೆಕೆಂಡು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ: ಸ್ಲೋ ಮೋಷನ್, ಕೆಂಪು ವೃತ್ತ, ಕೆಳಗೆ 'ಕ್ಯಾಮೆರಾ ಕಂಡು ಪರಾರಿ!'

ಜಾಗದ ಮಾಲೀಕನ ಮುಂದೆ ಮಾತ್ರ ಮೈಕ್ ಹಿಡಿಯಬೇಡಿ. ತಿಂಗಳು ತಿಂಗಳು ಗುಡಿಸಲ ಲೆಕ್ಕದಲ್ಲಿ ಬಾಡಿಗೆ ಎಣಿಸುವವನು ಆತ. ಮಾತಿಗೆಳೆದರೆ ಕಥೆ ಎಲ್ಲೆಲ್ಲಿಗೋ ಹೋಗುತ್ತದೆ.

ಬೈಟ್, ಅಂದರೆ ಅವರ ಮಾತಿನ ತುಣುಕು, ಎಂಟು ಸೆಕೆಂಡು ಮೀರಬಾರದು. 'ಎಲ್ಲಿಂದ ಬಂದಿದ್ದೀರಿ?' ಎಂದರೆ 'ಅಸ್ಸಾಂ, ಬರಪೇಟಾ ಜಿಲ್ಲೆ' ಎನ್ನುತ್ತಾರೆ. ಬರಪೇಟಾ ಎಲ್ಲಿದೆ ಎಂದು ಡೆಸ್ಕಿನಲ್ಲಿ ಯಾರಿಗೂ ಗೊತ್ತಿಲ್ಲ, ಹಾಗಾಗಿ ಅದು ಗಡಿಯಾಚೆಗೇ ಇರಬೇಕು. ಬಂಗಾಳಿ ಮಾತಾಡಿದರಂತೂ ಸಾಕ್ಷ್ಯವೇ ಸಿಕ್ಕಿತು. ಬಂಗಾಳಿ ತ್ರಿಪುರಾದ ಅಧಿಕೃತ ಭಾಷೆ, 1961ರ ಮೇ 19ರಂದು ಅಸ್ಸಾಮಿನ ಸಿಲ್ಚಾರಿನಲ್ಲಿ ಆ ಭಾಷೆಗಾಗಿಯೇ 11 ಜನ ಗುಂಡಿಗೆ ಬಲಿಯಾದರು ಎಂಬುದೆಲ್ಲ ಬುಲೆಟಿನ್‌ಗೆ ಭಾರ. ನಿಮ್ಮ ಜೇಬಿನ ನೋಟನ್ನು ತಿರುಗಿಸಿ ನೋಡಲೂ ಹೋಗಬೇಡಿ. ಅಲ್ಲಿರುವ 15 ಭಾಷೆಗಳ ಪಟ್ಟಿಯಲ್ಲಿ ಬಂಗಾಳಿ ಎರಡನೆಯದು, ಕನ್ನಡ ನಾಲ್ಕನೆಯದು.

ಕೆಲಸ ಕೆಡುವುದು ಎರಡು ಕಡೆ. ಒಂದು, ಯಾರೋ ಆಧಾರ್, ವೋಟರ್ ಐಡಿ ತಂದು ಕ್ಯಾಮೆರಾಕ್ಕೇ ಹಿಡಿಯುತ್ತಾರೆ. ಗಾಬರಿ ಬೇಡ, 'ನಕಲಿ ಆಧಾರ್ ಜಾಲ?' ಎಂದು ಗ್ರಾಫಿಕ್ಸ್ ಪ್ಲೇಟ್ ಹಾಕಿ. ಆ ಪ್ರಶ್ನಾರ್ಥಕ ಚಿಹ್ನೆಯೇ ನಮ್ಮ ಲೀಗಲ್ ಡಿಪಾರ್ಟ್‌ಮೆಂಟು. ಇನ್ನೊಂದು ಕಷ್ಟದ್ದು: ಪಕ್ಕದ ಗುಡಿಸಲಿನವ 'ನಾವ್ ರಾಯಚೂರ್ ಕಡಿಯವ್ರು ರೀ ಯಪ್ಪಾ' ಎಂದುಬಿಡುತ್ತಾನೆ. ತಕ್ಷಣ ಆಡಿಯೋ ಮ್ಯೂಟ್ ಮಾಡಿ, ಮೇಲೆ ವಾಯ್ಸ್ ಓವರ್ ಕೊಡಿ.

ಇದು ಬರೀ ಥಿಯರಿ ಅಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ 'ಬಾಂಗ್ಲಾದವರು' ಎಂಬ ವಿಡಿಯೋ ಓಡಾಡಿತು, ಕೆಲವೇ ದಿನಗಳಲ್ಲಿ ಜೆಸಿಬಿ ಬಂತು. ನೆಲಸಮವಾದ ಗುಡಿಸಲುಗಳಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆಮೇಲೆ ಹೈಕೋರ್ಟು ಮಧ್ಯಪ್ರವೇಶಿಸಿ ತೆರವಿಗೆ ತಡೆ ಕೊಟ್ಟಿತು. ಇಂಥ ಸುದ್ದಿಯನ್ನು ಬೆಳಗಿನ ಭವಿಷ್ಯ ಕಾರ್ಯಕ್ರಮದ ಸ್ಕ್ರಾಲ್‌ನಲ್ಲಿ, ಚಿನ್ನದ ದರದ ಹಿಂದೆ ಓಡಿಸುವುದು ಕ್ರಮ.

ದೆಹಲಿಯ ಹಿರಿಯರಿಂದ ಕಲಿಯುವುದು ಇನ್ನೂ ಇದೆ. 2018ರ ಜುಲೈಯಲ್ಲಿ ಅಸ್ಸಾಮಿನ ಎನ್‌ಆರ್‌ಸಿ (ರಾಷ್ಟ್ರೀಯ ಪೌರರ ನೋಂದಣಿ) ಕರಡಿನಿಂದ 40 ಲಕ್ಷ ಜನ ಹೊರಗುಳಿದಾಗ ಸ್ಟುಡಿಯೋಗಳಲ್ಲಿ ಅಷ್ಟೂ ಜನ ನುಸುಳುಕೋರರಾದರು. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಲ್ಲಿ ಹೊರಗುಳಿದವರು 19 ಲಕ್ಷ. ನಡುವಿನ 21 ಲಕ್ಷ ಜನ ನುಸುಳುಕೋರರಿಂದ ಸಭ್ಯ ನಾಗರಿಕರಾಗಿ ಬಡ್ತಿ ಪಡೆದದ್ದಕ್ಕೆ ಎಂಟು ಕಿಟಕಿಯ ಪ್ಯಾನೆಲ್ ಕೂಡಿಸಿದ ನೆನಪು ಯಾರಿಗಾದರೂ ಇದೆಯೇ?

ವಿನಾಯಿತಿ ಒಂದೇ: ಪದಕ. 2021ರ ಜುಲೈ 24ರಂದು ಮಣಿಪುರದ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಎತ್ತಿದ ದಿನ ಮಣಿಪುರವನ್ನು ಮ್ಯಾಪಿನಲ್ಲಿ ತೋರಿಸಲೇಬೇಕಾಯಿತು. 2023ರ ಮೇ ತಿಂಗಳಲ್ಲಿ ಅದೇ ಮಣಿಪುರ ಹೊತ್ತಿ ಉರಿದಾಗ, ಹೆಂಗಸರನ್ನು ಬೆತ್ತಲೆ ಮೆರವಣಿಗೆ ಮಾಡಿದ ಮೇ 4ರ ಘಟನೆಯ ವಿಡಿಯೋ ಜುಲೈ 19ಕ್ಕೆ ಹೊರಬರುವ ತನಕ, ಪ್ರೈಮ್ ಟೈಮಿಗೆ ಬೇರೆ ತುರ್ತು ಕೆಲಸಗಳಿದ್ದವು.

ಕಡೆಯದಾಗಿ, ಶೂಟ್ ಮಾಡಿದ್ದನ್ನು ಅಳಿಸಬೇಡಿ. ಊರು, ದಿನಾಂಕ ತೆಗೆದು 'ಬಾಂಗ್ಲಾ ಗುಡಿಸಲು ಜನರಲ್' ಎಂದು ಲೈಬ್ರರಿಗೆ ಹಾಕಿ. ದೆಹಲಿಯ ಚುನಾವಣೆಗೂ ಅದೇ, ಹೈದರಾಬಾದಿನ ಪಾಲಿಕೆ ಚುನಾವಣೆಗೂ ಅದೇ, ಟಾರ್ಪಾಲ್ ಎಲ್ಲ ಕಡೆಯೂ ನೀಲಿಯೇ. ಮೂಲೆಯಲ್ಲಿ ಬಿಎಂಟಿಸಿ ಬಸ್ಸಿನ ಕನ್ನಡ ಬೋರ್ಡ್ ಕಾಣುತ್ತಿದ್ದರೆ ಮಾತ್ರ ಬ್ಲರ್ ಮಾಡಿ.