ಭಾಗವತರಿಲ್ಲದ ಕಚೇರಿ

ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ ಮಂಗಳೂರಿನಲ್ಲಿ ಮೂವರು ಕಲಾವಿದರು ನಡೆಸಿಕೊಟ್ಟ ಮುಕ್ತ ಆಶುಸಂಗೀತದ ಕಚೇರಿಗೆ ನನ್ನ ಸೋದರಮಾವನನ್ನು ಕರೆದುಕೊಂಡು ಹೋಗಿದ್ದೆ. ರಾಗವಿಲ್ಲ, ತಾಳವಿಲ್ಲ, ಮೊದಲೇ ಬರೆದಿಟ್ಟ ಕೃತಿಯಿಲ್ಲ, ಯಾರು ಯಾವಾಗ ಏನು ನುಡಿಸಬೇಕೆಂಬ ಒಪ್ಪಂದವೂ ಇಲ್ಲ. ವಾದ್ಯ ಹಿಡಿದು ಕುಳಿತ ಮೇಲೆ ಏನು ಹುಟ್ಟುತ್ತದೆಯೋ ಅದೇ ಕಚೇರಿ. ಇಂಥ ಸಂಗೀತದ ಮಾತು ಬಂದಾಗಲೆಲ್ಲ ನಮ್ಮ ಕಡೆ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಇದನ್ನು ಯಾರು ಬೇಕಾದರೂ ಮಾಡಬಹುದು ಎಂಬುದು ಒಂದು. ಇದು ರಾಗದ ಚೌಕಟ್ಟಿನೊಳಗೆ ಸ್ಥಳದಲ್ಲೇ ಕಟ್ಟುವ ನಮ್ಮ ಮನೋಧರ್ಮ ಸಂಗೀತವೇ, ಹೊಸದೇನೂ ಅಲ್ಲ ಎಂಬುದು ಇನ್ನೊಂದು. ಎರಡೂ ಸರಿಯಲ್ಲವೆಂದು ನನಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು, ಆದರೆ ಏಕೆಂದು ವಿವರಿಸಲು ಬರುತ್ತಿರಲಿಲ್ಲ. 74 ವರ್ಷದ ಮಾವ ಉಡುಪಿಗೆ ಮರಳುವ ಬಸ್ಸಿನಲ್ಲಿ, ಮೂಲ್ಕಿ ದಾಟುವುದರೊಳಗೆ, ಅದನ್ನು ವಿವರಿಸಿಬಿಟ್ಟರು.

ಮಾವ ನಿವೃತ್ತ ಶಾಲಾ ಮಾಸ್ತರರು, ಹವ್ಯಾಸಿ ಅರ್ಥಧಾರಿ, ಎಂದರೆ ತಾಳಮದ್ದಳೆಯಲ್ಲಿ ಪಾತ್ರವಾಗಿ ಕುಳಿತು ಮಾತಾಡುವವರು. ಮಳೆಗಾಲಕ್ಕೆ ಮುಂಚೆ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಊರೂರಿನಲ್ಲಿ ವೇಷ, ಕುಣಿತವಿಲ್ಲದ ತಾಳಮದ್ದಳೆ ಶುರುವಾಗುತ್ತದಲ್ಲ, ಆ ಕೂಟಗಳಲ್ಲಿ ನಲವತ್ತು ವರ್ಷ ವಾಲಿಯಾಗಿ, ಕರ್ಣನಾಗಿ, ಕೆಲವೊಮ್ಮೆ ಜನ ಸಾಲದಿದ್ದರೆ ತಾರೆಯಾಗಿಯೂ ಕುಳಿತವರು. ಪಾಶ್ಚಾತ್ಯ ಸಂಗೀತದ ಪರಿಚಯ ಅವರಿಗೆ ಇಲ್ಲವೆಂದೇ ಹೇಳಬೇಕು. ಸ್ಯಾಕ್ಸೊಫೋನ್ ಇದೆ ಎಂದು ಹೇಳಿದ್ದರಿಂದಲೇ ಅವರು ಹೊರಟದ್ದು. ಹೀಗೆ ಅರ್ಧ ಸತ್ಯ ಹೇಳಿ ಕರೆದುಕೊಂಡು ಹೋದ ತಪ್ಪು ನನ್ನದು. ನಮ್ಮ ಜಿಲ್ಲೆಗಳಲ್ಲಿ ಸ್ಯಾಕ್ಸೊಫೋನ್ ಎಂದರೆ ದೇವಸ್ಥಾನದ ಉತ್ಸವ, ಮದುವೆಯ ಮಂಟಪ, ಎಲ್ಲಕ್ಕಿಂತ ಮೊದಲು ಕದ್ರಿ ಗೋಪಾಲನಾಥರು. ಬಂಟ್ವಾಳ ತಾಲೂಕಿನಲ್ಲಿ ಹುಟ್ಟಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದವರೆಗೆ ಆ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ಕೊಂಡೊಯ್ದವರು ಅವರು. ಅದೇ ವಾದ್ಯವನ್ನು ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗೂ ತಂದಿದ್ದರು. ಆದ್ದರಿಂದ ಪರದೇಶದ ವಾದ್ಯಕ್ಕೆ ನಮ್ಮ ಕಿವಿ ಹೊಸದಲ್ಲ. ಆದರೆ ಆ ದಿನ ಮಾವ ನಿರೀಕ್ಷಿಸಿದ್ದು ಕಲ್ಯಾಣಿಯನ್ನೋ ಹಂಸಧ್ವನಿಯನ್ನೋ.

ಕಚೇರಿ ನಡೆದದ್ದು ಒಂದು ಹಳೆಯ ಮನೆಯ ಉದ್ದನೆಯ ಚಾವಡಿಯಲ್ಲಿ. ಮೇಲೆ ಹೆಂಚು, ನಡುವೆ ಮುಚ್ಚಿಗೆಯಿಲ್ಲ, ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಹೊರಗೆ ಸುರಿಯುತ್ತಿದ್ದ ಆಟಿಯ ಮಳೆ. ಸ್ವಾಗತ, ಪ್ರಸ್ತಾವನೆ, ಶಾಲು, ಹಾರ, ಹಣ್ಣುಹಂಪಲು ಎಲ್ಲ ಮುಗಿದು ಶುರುವಾಗುವಾಗ ನಲವತ್ತು ನಿಮಿಷ ತಡವಾಗಿತ್ತು. ನಾವು ಏನನ್ನು ಕೇಳಲಿದ್ದೇವೆ, ಅದನ್ನು ಹೇಗೆ ಕೇಳಬೇಕು, ಮನಸ್ಸನ್ನು ಹೇಗೆ ಖಾಲಿ ಮಾಡಿಕೊಳ್ಳಬೇಕು ಎಂದು ನಿರೂಪಕರು ವಿವರವಾಗಿ ತಿಳಿಸಿದರು. ಅವರ ವಿವರಣೆ ಮುಗಿಯುವ ಹೊತ್ತಿಗೆ ನನ್ನ ಮನಸ್ಸು ಖಾಲಿಯಾಗುವ ಬದಲು ತುಂಬಿಹೋಗಿತ್ತು.

ಸ್ಯಾಕ್ಸೊಫೋನಿನವರು ಮೊದಲ ಕೆಲವು ನಿಮಿಷ ಸ್ವರವನ್ನೇ ಊದಲಿಲ್ಲ. ಕೊಳವೆಯೊಳಗೆ ಬರಿಯ ಉಸಿರು ಬಿಡುತ್ತ, ಬೆರಳಿನಿಂದ ಕೀಲಿಗಳನ್ನು ಪಟಪಟನೆ ಮುಚ್ಚಿ ತೆರೆಯುತ್ತ ಕುಳಿತಿದ್ದರು. ಆಳೆತ್ತರದ ಪಿಟೀಲಿನಂಥ ಡಬಲ್ ಬಾಸಿನವರು ತಂತಿಯ ಮೇಲೆ, ಸಾಮಾನ್ಯವಾಗಿ ಯಾರೂ ಕಮಾನು ಎಳೆಯದ ಕೆಳಭಾಗದಲ್ಲಿ ಎಳೆಯುತ್ತಿದ್ದರು. ಮಾವ ನನ್ನ ಕಿವಿಯ ಹತ್ತಿರ ಬಾಗಿ, “ಇನ್ನೂ ಶ್ರುತಿ ಮಾಡ್ತಾ ಇದ್ದಾರಾ ಮಾರಾಯ, ಅಲ್ಲ ಶುರು ಆಯ್ತಾ?” ಎಂದು ಕೇಳಿದರು. ಇದನ್ನು ತಮಾಷೆಯ ಪ್ರಶ್ನೆಯೆಂದು ನಾನು ಭಾವಿಸುವುದಿಲ್ಲ. ಎಲ್ಲಿಂದ ಸಂಗೀತ ಶುರುವಾಯಿತೆಂದು ಹೇಳಲು ಬಾರದಿರುವುದು ಈ ಕಲೆಯ ನಿಜವಾದ ಕಷ್ಟಗಳಲ್ಲಿ ಒಂದು.

ಮೂರನೆಯವರು ಒಬ್ಬ ಯುವತಿ. ಅವರ ಮೇಜಿನ ಮೇಲೆ ವಾದ್ಯವೇ ಇರಲಿಲ್ಲ; ಚಿಕ್ಕದೊಂದು ಸೌಂಡ್ ಮಿಕ್ಸರ್ ಇತ್ತು. ಅದರಿಂದ ಹೊರಬರುವ ವಯರನ್ನು ತಿರುಗಿಸಿ ಅದರ ಒಳಗೇ ಚುಚ್ಚಿದ್ದರು. ಹೊರಗಿನಿಂದ ಯಾವ ಶಬ್ದವೂ ಒಳಗೆ ಹೋಗುವುದಿಲ್ಲ. ಯಂತ್ರ ತನ್ನದೇ ಸದ್ದನ್ನು ತಾನೇ ನುಂಗಿ, ಬೆಳೆಸಿ, ಹೊರಗೆ ಬಿಡುತ್ತದೆ. ಜಪಾನಿನ ತೋಶಿಮಾರು ನಕಮುರಾ ಎಂಬವರಿಂದ ಹೆಸರಾದ ಕ್ರಮ ಇದು. ನಮ್ಮಲ್ಲಿ ಯಾವ ಸಭೆಗೆ ಹೋದರೂ ಒಮ್ಮೆಯಾದರೂ ಮೈಕ್ ‘ಕುಂಯ್’ ಎಂದು ಕೂಗುತ್ತದಲ್ಲ, ಭಾಷಣಕಾರರು ಕಿವಿ ಮುಚ್ಚಿಕೊಂಡು ಸೌಂಡಿನವನನ್ನು ದುರುಗುಟ್ಟಿ ನೋಡುತ್ತಾರಲ್ಲ, ಮೂಲದಲ್ಲಿ ಅದೇ ಸದ್ದು. ಸೌಂಡಿನ ಹುಡುಗರು ಜೀವಮಾನವಿಡೀ ಅದುಮಲು ಹೆಣಗುವ ಆ ಕೂಗನ್ನು ಈಕೆ ಎರಡು ಬೆರಳಿನಲ್ಲಿ ಗುಂಡಿ ತಿರುಗಿಸುತ್ತ ಕೂದಲೆಳೆಯಷ್ಟು ತೆಳ್ಳಗೆ ಮಾಡಿ, ಆಮೇಲೆ ಅದನ್ನು ಒಡೆದು ಕಪ್ಪೆಯ ವಟಗುಟ್ಟುವಿಕೆಯಂತೆ ಮಾಡಿ, ಇದ್ದಕ್ಕಿದ್ದಂತೆ ನಿಲ್ಲಿಸಿದರು. ನಿಲ್ಲಿಸಿದಾಗಲೇ ನಮಗೆ ಗೊತ್ತಾದದ್ದು, ಅಷ್ಟು ಹೊತ್ತು ಮಳೆಯ ಸದ್ದು ಅದರ ಹಿಂದೆ ಅಡಗಿತ್ತೆಂದು.

ನಕಮುರಾ ಮತ್ತು ಅವರ ಸಂಗಡಿಗರು ಟೋಕಿಯೊದಲ್ಲಿ 2000ರಿಂದ 2005ರವರೆಗೆ ನುಡಿಸುತ್ತಿದ್ದ ‘ಆಫ್ ಸೈಟ್’ ಎಂಬ ಜಾಗ ಒಂದು ಹಳೆಯ ಮನೆಯಾಗಿತ್ತು. ಗೋಡೆ ತೆಳು, ಪಕ್ಕದಲ್ಲೇ ನೆರೆಮನೆ, ಜೋರಾಗಿ ನುಡಿಸುವಂತಿರಲಿಲ್ಲ. ಆ ನಿರ್ಬಂಧದ ಜೊತೆಗೇ ಅಲ್ಲಿ ಪಿಸುಮಾತಿನಷ್ಟು ಮೆಲ್ಲಗಿನ ಒಂದು ಸಂಗೀತ ಬೆಳೆಯಿತು. ನೆರೆಮನೆಯವರ ನಿದ್ದೆಯನ್ನು ಗೌರವಿಸಿ ಹುಟ್ಟಿದ ಸಂಗೀತದ ಬಗ್ಗೆ, ರಾತ್ರಿ ಹನ್ನೆರಡರವರೆಗೆ ನಾಲ್ಕು ದಿಕ್ಕಿಗೆ ಧ್ವನಿವರ್ಧಕ ಕಟ್ಟುವ ನಮ್ಮ ಸಮಿತಿಗಳವರು ಒಮ್ಮೆ ಯೋಚಿಸಬಹುದು.

ಅರ್ಧ ಗಂಟೆ ಕಳೆದಿರಬೇಕು, ಕರೆಂಟ್ ಹೋಯಿತು. ಮಿಕ್ಸರ್ ಸತ್ತಿತು. ಮೂಲೆಯಲ್ಲಿದ್ದ ಇನ್‌ವರ್ಟರ್ ಒಂದು ಬಲ್ಬನ್ನು ಹೊತ್ತಿಸಿ, ಬ್ಯಾಟರಿ ಸಾಲದೆಂದು ಎರಡು ಸೆಕೆಂಡಿಗೊಮ್ಮೆ ‘ಟೀಂ’ ಎನ್ನತೊಡಗಿತು. ಸ್ಯಾಕ್ಸೊಫೋನಿನವರು ಮೊದಲು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಆಮೇಲೆ ಆ ‘ಟೀಂ’ನ ಶ್ರುತಿಯನ್ನೇ ಹುಡುಕಿ ಹಿಡಿದರು, ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಮೂಗಿನಿಂದ ಉಸಿರೆಳೆಯುತ್ತ, ಪುಂಗಿ ಊದುವವರಂತೆ ಕಡಿಯದೆ, ಅದೇ ಸ್ವರವನ್ನು ಎಳೆದರು. ಇಂಗ್ಲೆಂಡಿನ ಸ್ಯಾಕ್ಸೊಫೋನ್ ವಾದಕ ಇವಾನ್ ಪಾರ್ಕರ್ ಈ ಉಸಿರಾಟದಲ್ಲಿ ಗಂಟೆಗಟ್ಟಲೆ ಅಭ್ಯಾಸ ಮಾಡಿದವರು, ಅವರ ಧ್ವನಿಮುದ್ರಿಕೆಗಳನ್ನು ನಾನು ಕೇಳಿದ್ದೇನೆ. ಆದರೆ ಆರು ಅಡಿ ದೂರದಲ್ಲಿ ಕುಳಿತು ನೋಡಿರಲಿಲ್ಲ. ಇನ್‌ವರ್ಟರಿನ ಸದ್ದು ಬಂದಾಗ ಸ್ವರ ಅದರೊಳಗೆ ಮುಚ್ಚಿಹೋಗುವುದು, ಅದು ನಿಂತಾಗ ಕೂದಲೆಳೆಯಷ್ಟು ತಗ್ಗಿ ಕಂಪಿಸುವುದು, ಮತ್ತೆ ಮುಚ್ಚಿಹೋಗುವುದು. ಬಾಸಿನವರು ಕೈ ಕಟ್ಟಿ ನಿಂತಿದ್ದರು. ಚಾವಡಿಯಲ್ಲಿ ಯಾರೂ ಅಲುಗಾಡಲಿಲ್ಲ. ಅಷ್ಟರಲ್ಲಿ ಮನೆ ನೋಡಿಕೊಳ್ಳುವ ಹಿರಿಯರು, ಸಂಗೀತಕ್ಕೆ ತೊಂದರೆಯಾಗುತ್ತಿದೆಯೆಂದು ಪಾಪ, ತುದಿಗಾಲಿನಲ್ಲಿ ನಡೆದು ಹೋಗಿ ಇನ್‌ವರ್ಟರನ್ನು ಆಫ್ ಮಾಡಿಬಿಟ್ಟರು.

ಕತ್ತಲಾಯಿತು. ಸ್ಯಾಕ್ಸೊಫೋನಿನವರು ನಕ್ಕದ್ದು ಊದುಗೊಳವೆಯ ಮೂಲಕವೇ ಕೇಳಿಸಿತು. ಆಮೇಲೆ ಅವರು ಆ ಸ್ವರವನ್ನು ಮತ್ತೆ ಹಿಡಿಯಲು ಎರಡು ಮೂರು ಸಲ ಪ್ರಯತ್ನಿಸಿ ಬಿಟ್ಟರು. ಹೆಂಚಿನ ಮೇಲಿನ ಮಳೆ ಮಾತ್ರ ಉಳಿಯಿತು. ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ ಅವರ, ವಾದಕ ಒಂದೂ ಸ್ವರ ನುಡಿಸದ ಪ್ರಸಿದ್ಧ ಕೃತಿಯನ್ನು ಪಿಯಾನೊ ವಾದಕ ಡೇವಿಡ್ ಟ್ಯೂಡರ್ 1952ರ ಆಗಸ್ಟ್ 29ರಂದು ಅಮೆರಿಕದ ವುಡ್‌ಸ್ಟಾಕ್ ಬಳಿಯ ಮರದ ಸಭಾಂಗಣವೊಂದರಲ್ಲಿ ಮೊದಲ ಬಾರಿ ಪ್ರಸ್ತುತಪಡಿಸಿದಾಗಲೂ ನಡುವೆ ಮಾಡಿನ ಮೇಲೆ ಮಳೆ ಹನಿಯಿತೆಂದು ಕೇಜ್ ಹೇಳಿಕೊಂಡಿದ್ದಾರೆ. ಅದೇ ಟ್ಯೂಡರ್ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೊ ಕಟ್ಟಿಕೊಟ್ಟವರು. ಕೇಜ್‌ಗೆ ಭಾರತೀಯ ಸಂಗೀತದ ಪಾಠ ಹೇಳಿದವರು ಅಹಮದಾಬಾದಿನವರೇ ಆದ ಗೀತಾ ಸಾರಾಭಾಯಿ. ಇದೆಲ್ಲ ನಿನ್ನೆ ಮೊನ್ನೆ ಹಡಗಿನಲ್ಲಿ ಬಂದಿಳಿದ ಹುಚ್ಚು ಎನ್ನುವವರಿಗಾಗಿ ಇಷ್ಟನ್ನು ಹೇಳಿದೆ.

ಕರೆಂಟ್ ಬಂದ ಮೇಲೆ ನಡೆದ ಭಾಗ ಅಷ್ಟೇನೂ ಚೆನ್ನಾಗಿರಲಿಲ್ಲ. ಮೂವರೂ ಒಟ್ಟಿಗೆ ಜೋರಾಗಿ ನುಡಿಸಿದರು, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿರಲಿಲ್ಲ. ಮುಗಿದದ್ದು ಹೇಗೆಂಬುದು ಮಾತ್ರ ಹೇಳಬೇಕಾದ ಸಂಗತಿ. ಒಬ್ಬರು ನಿಲ್ಲಿಸಿದರು, ಇನ್ನೊಬ್ಬರು ನಿಲ್ಲಿಸಿದರು, ಮೂರನೆಯವರ ಬೆರಳು ಗುಂಡಿಯ ಮೇಲೇ ಇತ್ತು. ಮುಗಿಯಿತೋ, ಇದೂ ಸಂಗೀತದ ಒಳಗಿನ ಮೌನವೋ ತಿಳಿಯದೆ ನಾವು ಕುಳಿತೆವು. ಯಾರೋ ಕೆಮ್ಮಿದರು. ಬಾಸಿನವರು ಕಮಾನನ್ನು ಮತ್ತೆ ಎತ್ತಿ, ಯೋಚಿಸಿ, ಕೆಳಗಿಳಿಸಿದರು. ಆಗ ಚಪ್ಪಾಳೆ ಬಿತ್ತು.

“ಭಾಗವತರಿಲ್ಲದಿದ್ದರೆ ಹೀಗೇ ಆಗುವುದು” ಎಂದರು ಮಾವ. ತಾಳಮದ್ದಳೆ ನೋಡದವರಿಗಾಗಿ ಒಂದು ಮಾತು: ಅಲ್ಲಿ ಪದ್ಯ ಮಾತ್ರ ಪ್ರಸಂಗದಲ್ಲಿ ಬರೆದಿರುತ್ತದೆ, ಮಾತೆಲ್ಲ ಆಶುವಾಗಿಯೇ ಹುಟ್ಟಬೇಕು. ಮಾತು ಎಳೆದು ಹೋದಾಗ, ಪದ್ಯ ಹಾಡಿ ಕೂಟ ನಡೆಸುವ ಭಾಗವತರು ಜಾಗಟೆ ತಟ್ಟಿ ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಎಂಥ ದೊಡ್ಡ ಅರ್ಥಧಾರಿಯೂ ಅಲ್ಲಿ ಸುಮ್ಮನಾಗಲೇಬೇಕು. ಪಶ್ಚಿಮದ ಪ್ರಯೋಗಶೀಲರಿಗೂ ಇಂಥ ಭಾಗವತಿಕೆಯ ಅಗತ್ಯ ಕಂಡದ್ದಿದೆ. ನ್ಯೂಯಾರ್ಕಿನ ಜಾನ್ ಝೋರ್ನ್ 1984ರಲ್ಲಿ ‘ಕೋಬ್ರಾ’ ಎಂಬ ಒಂದು ಆಟವನ್ನು ಕಟ್ಟಿದರು: ವಾದಕರು ಕಿವಿ, ಮೂಗು, ಬಾಯಿ ಮುಟ್ಟಿ ಸನ್ನೆ ಮಾಡಿ ಬೇಡಿಕೆ ಇಡುತ್ತಾರೆ, ಎದುರಿಗೆ ನಿಂತವರು ಕಾರ್ಡ್ ಎತ್ತಿ ತೋರಿಸಿ ಅದನ್ನು ಜಾರಿಗೆ ತರುತ್ತಾರೆ, ಯಾರು ಯಾರೊಂದಿಗೆ ನುಡಿಸಬೇಕು, ಯಾವಾಗ ಬದಲಾಗಬೇಕು ಎಂಬುದಷ್ಟೇ ನಿಯಮ, ಏನು ನುಡಿಸಬೇಕೆಂಬುದು ಅಲ್ಲ. ಬುಚ್ ಮಾರಿಸ್ 1985ರಿಂದ ಕೋಲು ಮತ್ತು ಕೈಸನ್ನೆಯಲ್ಲೇ ಇಡೀ ವಾದ್ಯವೃಂದದಿಂದ ಸ್ಥಳದಲ್ಲೇ ಸಂಗೀತ ಹೊರಡಿಸುವ ವಿಧಾನವನ್ನು ರೂಢಿಗೆ ತಂದರು. ಆದರೆ 1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಎಎಂಎಂ ತಂಡದಂಥವರು ಭಾಗವತರೇ ಬೇಡವೆಂದು ಹಟ ಹಿಡಿದವರು. ನನ್ನ ಒಲವು ಇವರ ಕಡೆಗೆ. ಹೇಗೆ ಮುಗಿಸಬೇಕೆಂದು ಮೂವರು ದೊಡ್ಡವರು ಎಲ್ಲರ ಮುಂದೆ ತಬ್ಬಿಬ್ಬಾಗುವುದನ್ನು ಬೇರೆ ಯಾವ ವೇದಿಕೆಯಲ್ಲಿ ನೋಡಲು ಸಿಗುತ್ತದೆ?

ಬಸ್ಸಿನಲ್ಲಿ ಮಾವ ವಿಮರ್ಶೆ ಶುರುಮಾಡಿದರು. (ಇಂಥ ಕಚೇರಿ ಕೇಳಿ ಹೊರಬಂದ ಮೇಲೆ ಜಗತ್ತಿನ ಸದ್ದೆಲ್ಲ ಸಂಗೀತವಾಗಿ ಕೇಳಿಸಿತು ಎಂದು ಬರೆಯುವವರಿದ್ದಾರೆ. ನನಗೆ ಹಾಗೇನೂ ಆಗಲಿಲ್ಲ. ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಹಾರ್ನಾಗಿಯೇ ಕೇಳಿಸಿತು.) “ಆ ದೊಡ್ಡ ಪಿಟೀಲಿನವ ಪೀಠಿಕೆಯಲ್ಲೇ ಉಳಿದ ಮಾರಾಯ. ಎದುರಿನವರು ಏನು ಹೇಳಿದರೂ ಅವನಿಗೆ ಉತ್ತರವಿಲ್ಲ. ತಾನು ಮನೆಯಲ್ಲಿ ಕಲಿತು ಬಂದದ್ದನ್ನೇ ಹೇಳಿದ.” ಎರಡೂವರೆ ತಿಂಗಳು ಇಂಟರ್ನೆಟ್ಟಿನಲ್ಲಿ ಈ ಸಂಗೀತದ ಬಗ್ಗೆ ಓದಿಕೊಂಡಿದ್ದ ನನಗೆ ಬಾಸಿನವರ ಕೈಚಳಕವಷ್ಟೇ ಕಂಡಿತ್ತು. ಮಾವನ ಮಾತು ಅಕ್ಷರಶಃ ನಿಜವಾಗಿತ್ತು. ಯಾರು ಬೇಕಾದರೂ ಮಾಡಬಹುದಲ್ಲವೇ ಎಂದು ಕೆಣಕಿದೆ. “ವಾಲಿಯಾಗಿ ಯಾರು ಬೇಕಾದರೂ ಕುಳಿತುಕೊಳ್ಳಬಹುದು. ಐದು ನಿಮಿಷ ಮಾತೂ ಆಡಬಹುದು. ರಾಮ ಉತ್ತರ ಕೊಟ್ಟ ಮೇಲೆ ಎಂತ ಮಾಡ್ತೀ?” ಎಂದರು.

ಮನೋಧರ್ಮದ ಹೋಲಿಕೆ ಸಾಲದೆನ್ನುವುದೂ ಇದೇ ಕಾರಣಕ್ಕೆ. ರಾಗಾಲಾಪನೆಯಲ್ಲಿ, ನೆರವಲಿನಲ್ಲಿ, ಕಲ್ಪನಾಸ್ವರದಲ್ಲಿ ಗಾಯಕರಿಗೆ ಸ್ವಾತಂತ್ರ್ಯವಿದೆ, ಆದರೆ ರಾಗ ಒಂದು ಬೇಲಿಯಂತೆ ಅವರನ್ನು ಕಾಯುತ್ತದೆ. ಮನಸ್ಸಿಲ್ಲದ ದಿನವೂ ತೋಡಿ ತೋಡಿಯಾಗಿಯೇ ಇರುತ್ತದೆ. ಗಿಟಾರ್ ವಾದಕ ಡೆರೆಕ್ ಬೈಲಿ 1980ರಲ್ಲಿ ಆಶುವಾದನದ ಬಗ್ಗೆ ಬರೆದ ಪುಸ್ತಕದಲ್ಲಿ ಭಾರತೀಯ ಸಂಗೀತಕ್ಕೂ ಗೌರವದ ಜಾಗ ಕೊಟ್ಟಿದ್ದಾರೆ, ಆದರೆ ಒಂದು ಶೈಲಿಯ ನುಡಿಗಟ್ಟಿಗೆ ಬದ್ಧವಾದ ಆಶುತನವೇ ಬೇರೆ, ಯಾವ ನುಡಿಗಟ್ಟಿಗೂ ಒಳಪಡದ ಆಶುತನವೇ ಬೇರೆ ಎಂದು ಗೆರೆ ಎಳೆದಿದ್ದಾರೆ. ತಾಳಮದ್ದಳೆ ಈ ಗೆರೆಯ ಆಚೆಗಿನದಕ್ಕೆ ಹತ್ತಿರ ಎಂಬುದು ನನ್ನ ಅನಿಸಿಕೆ. ಕಥೆ, ಪದ್ಯ ಎಲ್ಲ ಇದ್ದರೂ ಕೂಟ ಏಳುವುದೂ ಬೀಳುವುದೂ ಎದುರಿಗೆ ಕುಳಿತ ಮನುಷ್ಯನಿಂದ. ರಾಮನ ಉತ್ತರ ಸೋತ ವಾಲಿವಧೆಗಳನ್ನು ನಾವೆಲ್ಲ ಕೇಳಿಲ್ಲವೇ? ಕೇಳಿ, ಚಹಾ ಕುಡಿದು, ಬೈದುಕೊಳ್ಳುತ್ತ ಮನೆಗೆ ಬಂದು, ಮುಂದಿನ ವಾರ ಮತ್ತೆ ಹೋಗಿ ಕುಳಿತಿಲ್ಲವೇ? ಕೂಟ ಸೋಲಬಹುದೆಂದು ಗೊತ್ತಿದ್ದೇ ಹೋಗುವ ಅಭ್ಯಾಸ ನಮಗಿದೆ. ಸಂಗೀತ ಕಚೇರಿಯಿಂದ ಮಾತ್ರ ಗ್ಯಾರಂಟಿ ಕೇಳುತ್ತೇವೆ.

ಆ ಸಂಜೆಯ ರೆಕಾರ್ಡಿಂಗ್ ನನಗೆ ಆಮೇಲೆ ಸಿಕ್ಕಿತು. ಎಎಂಎಂ ತಂಡದಲ್ಲಿದ್ದ ಕಾರ್ನೀಲಿಯಸ್ ಕಾರ್ಡ್ಯೂ, ಆಶುಸಂಗೀತದ ಧ್ವನಿಮುದ್ರಣ ಹೊರಗಿನ ಆಕಾರವನ್ನಷ್ಟೇ ಉಳಿಸಿಕೊಳ್ಳುತ್ತದೆ, ಆ ಹೊತ್ತು ಆ ಸ್ಥಳ ಅದರಲ್ಲಿ ಇರುವುದಿಲ್ಲ ಎಂಬರ್ಥದಲ್ಲಿ 1971ರಲ್ಲೇ ಬರೆದಿದ್ದಾರೆ. ಹಾಗೆಯೇ ಆಯಿತು. ಮಳೆ ಬರಿಯ ‘ಸ್ಸ್’ ಎಂದು ಕೇಳುತ್ತದೆ, ಇನ್‌ವರ್ಟರ್ ತಲೆನೋವಾಗಿ ಕೇಳುತ್ತದೆ, ಕೊನೆಯ ಮೌನದಲ್ಲಿ ಏನೂ ಇಲ್ಲ. ಕರೆಂಟ್ ಬಂದ ಮೇಲಿನ ಆ ಗದ್ದಲದ ಭಾಗವೇ ಅದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ!

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಈ ಸಂಗೀತವನ್ನು ದೊಡ್ಡ ಸಭಾಭವನಕ್ಕೆ ಒಯ್ಯಬೇಡಿ. ಹೆಂಚಿನ ಚಾವಡಿ, ಶಾಲೆಯ ಕೋಣೆ ಸಾಕು, ಮೂವತ್ತು ಜನ ಸಾಕು. ಕಿವಿಗೆ ಕೇಳುವಷ್ಟಕ್ಕೆ ಮೈಕ್ ಬೇಡ. ಸಭಾ ಕಾರ್ಯಕ್ರಮ ಖಂಡಿತ ಬೇಡ, ಶಾಲು ಹೊದಿಸಲೇಬೇಕೆಂದಿದ್ದರೆ ಕೊನೆಯಲ್ಲಿ ಹೊದಿಸಿ. ಹೇಗೆ ಕೇಳಬೇಕೆಂದು ನಮಗೆ ಮೊದಲೇ ಹೇಳಿಕೊಡಬೇಡಿ. ಟಿಕೆಟ್ ಇಡಿ, ಇನ್ನೂರು ರೂಪಾಯಿ ಕೊಡಲು ನಾವು ಸಿದ್ಧ. ಉಡುಪಿಯಿಂದ ಬಂದವರಿಗೆ ಬಸ್ ಸಿಗಬೇಕಾದ್ದರಿಂದ ಎಂಟೂವರೆಗೆ ಮುಗಿಸಿ. ಆ ಡಬಲ್ ಬಾಸಿನವರು ಇನ್ನೊಮ್ಮೆ ಬರುತ್ತಾರಾ ಎಂದು ಮಾವ ಫೋನಿನಲ್ಲಿ ಎರಡು ಸಲ ವಿಚಾರಿಸಿದರು. ಅವರ ಎದುರಿಗೆ ಗಟ್ಟಿ ಜನ ಒಬ್ಬರು ಕೂರಬೇಕಂತೆ. ಮುಂದಿನ ಕಚೇರಿಯ ದಿನ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.